ಗುರಿಗಾರರ ಘಟಕಕ್ಕೆ ಮನಸೋತ ಮೊಮ್ಮಗಳಿಗೆ

ಪುಟ್ಟಿ,

ಅಮೆರಿಕದ ಸೇನೆಯ ಗುರಿಗಾರರ ಘಟಕಕ್ಕೆ ಸೇರುತ್ತೇನೆ ಎಂದು ನೀನು ಹೇಳಿದಾಗಿನಿಂದ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ. ನಾನು 'ಬೇಡ' ಅನ್ನಲಿ ಎಂದು ನಿಮ್ಮಮ್ಮ ಕಾಯುತ್ತಿದ್ದಾಳೆ. ನಿಮ್ಮಪ್ಪ 'ಮೊದಲು ಕಾಲೇಜು ಮುಗಿಯಲಿ' ಅನ್ನುತ್ತಾರೆ. ನೀನೋ, ತಾತ ಮಿಲಿಟರಿಯವರು, ನನ್ನ ಪರವಾಗಿಯೇ ಮಾತಾಡುತ್ತಾರೆ ಎಂದು ನಂಬಿಕೊಂಡಿದ್ದೀಯ. ಹಲಸೂರಿನಲ್ಲಿರುವ ಭಾರತೀಯ ಸೇನೆಯ ಎಂಇಜಿ ಸೆಂಟರಿನಲ್ಲಿ ಹೊಸ ಹುಡುಗರಿಗೆ ರೈಫಲ್ ಕಲಿಸಿದವನು ನಾನು. ಆದ್ದರಿಂದ ಈ ವಿಷಯದಲ್ಲಿ ನನಗೆ ಗೊತ್ತಿರುವುದನ್ನೆಲ್ಲ ನಿನ್ನ ಮುಂದೆ ಇಡುತ್ತೇನೆ. ತೀರ್ಮಾನ ನಿನ್ನದೇ. ಆದರೆ ನೀನು ಕಂಡಿರುವುದು ಆ ಘಟಕದ ಪದಕಗಳನ್ನು ಮಾತ್ರ. ಆ ಪದಕಗಳಿಂದ ಸೇನೆ ಏನು ಕೆಲಸ ಮಾಡಿಸಿಕೊಳ್ಳುತ್ತದೆ ಎನ್ನುವುದು ಗೊತ್ತಾದ ಮೇಲೆ ತೀರ್ಮಾನಿಸು.

ಆ ಘಟಕ ಹುಟ್ಟಿದ್ದೇ ಒಂದು ಸೋಲಿನಿಂದ. 1952ರಲ್ಲಿ ಹೆಲ್ಸಿಂಕಿಯಲ್ಲಿ ಸೋವಿಯತ್ ಒಕ್ಕೂಟ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಇಳಿಯಿತು. 1954ರಲ್ಲಿ ಕಾರಕಾಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರ ಶೂಟರ್‌ಗಳು ಎಲ್ಲರನ್ನೂ ಹಿಂದೆ ಹಾಕಿದರು. ಶೀತಲ ಸಮರದ ಕಾಲ ಅದು. ರಷ್ಯನ್ನರು ನಮಗಿಂತ ಚೆನ್ನಾಗಿ ಗುಂಡು ಹೊಡೆಯುತ್ತಾರೆ ಅನ್ನುವ ಮಾತು ಅಮೆರಿಕಕ್ಕೆ ಬರೀ ಕ್ರೀಡಾ ಸುದ್ದಿಯಾಗಿ ಕೇಳಲಿಲ್ಲ. ಸ್ವತಃ ದಂಡನಾಯಕನಾಗಿದ್ದ ಅಧ್ಯಕ್ಷ ಐಸೆನ್‌ಹೋವರ್ ಅವರ ನಿರ್ದೇಶನದಂತೆ 1956ರ ಮಾರ್ಚ್ 1ರಂದು ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ಈ ಘಟಕ ಶುರುವಾಯಿತು. ಇಡೀ ಸೇನೆಯ ಗುರಿಯ ಮಟ್ಟ ಮೇಲೇರಬೇಕು ಎನ್ನುವುದು ಅದಕ್ಕೆ ವಹಿಸಿದ ಕೆಲಸ. ಸ್ಪರ್ಧೆಯಲ್ಲಿ ಗೆಲ್ಲುವುದು ಅದಕ್ಕೊಂದು ದಾರಿ. ನೀನು ಇದನ್ನು ತಲೆಕೆಳಗು ಮಾಡಿಕೊಂಡಿದ್ದೀಯ ಅನ್ನಿಸುತ್ತದೆ ನನಗೆ. ಗೆಲ್ಲುವುದಕ್ಕಾಗಿ ಘಟಕ ಇದೆ ಎಂದು ನೀನು ತಿಳಿದಿದ್ದೀಯ.

ನೆಬ್ರಾಸ್ಕಾದ ಗ್ಯಾರಿ ಆಂಡರ್ಸನ್ ಅವರನ್ನು ನೋಡು. ಈ ಘಟಕದಲ್ಲಿ ಪಳಗಿ 1964ರಲ್ಲಿ ಟೋಕಿಯೊದಲ್ಲಿ, 1968ರಲ್ಲಿ ಮೆಕ್ಸಿಕೊ ನಗರದಲ್ಲಿ, 300 ಮೀಟರ್ ರೈಫಲ್‌ನಲ್ಲಿ ಚಿನ್ನ ಗೆದ್ದವರು. ಆಮೇಲೆ ನಾಗರಿಕರಿಗೆ ಗುರಿ ಕಲಿಸುವ ಸಿವಿಲಿಯನ್ ಮಾರ್ಕ್ಸ್‌ಮನ್‌ಷಿಪ್ ಪ್ರೋಗ್ರಾಂನ ಮುಖ್ಯಸ್ಥರಾದರು. ಮಕ್ಕಳಿಗೆ, ತರಬೇತುದಾರರಿಗೆ ಪಾಠಗಳನ್ನು ಬರೆದರು. ಅವರ ಆಯುಷ್ಯದ ಹೆಚ್ಚು ಭಾಗ ಕಲಿಸುವುದರಲ್ಲೇ ಕಳೆದಿದೆ, ಒಲಿಂಪಿಕ್ ಚಿನ್ನ ಗೆದ್ದದ್ದು ಎರಡೇ ಸಲ.

ಈ ಘಟಕದ ಸೈನಿಕ ವರ್ಷದ ಒಂದಷ್ಟು ಕಾಲ ಸ್ಪರ್ಧೆಗೆ ಹೋಗುತ್ತಾನೆ. ಉಳಿದ ಕಾಲದಲ್ಲಿ ಬೇರೆ ಪಡೆಗಳ ತರಬೇತುದಾರರಿಗೆ ಪಾಠ ಹೇಳುತ್ತಾನೆ. ಓಹಾಯೊದ ಕ್ಯಾಂಪ್ ಪೆರಿಯಲ್ಲಿ ಪ್ರತಿ ಬೇಸಿಗೆ ರಾಷ್ಟ್ರೀಯ ಪಂದ್ಯಗಳು ನಡೆಯುತ್ತವೆ. ಅಲ್ಲಿ ನಾಗರಿಕರಿಗಾಗಿ ಒಂದು ಶೂಟಿಂಗ್ ಶಾಲೆ, ಎಳೆಯರಿಗಾಗಿ ಒಂದು ಶಿಬಿರ ಇರುತ್ತದೆ. ಪಾಠ ಮಾಡುವವರು ಇದೇ ಘಟಕದ ಚಾಂಪಿಯನ್ನರು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ, ಮಾಮೂಲಿ ಸೈನಿಕನಿಗಿಂತ ದೂರಕ್ಕೆ ಗುರಿಯಿಡಬಲ್ಲ ಒಬ್ಬನಾದರೂ ಪ್ರತಿ ತುಕಡಿಯಲ್ಲಿ ಇರಬೇಕು ಎಂದಾಗ ಅದಕ್ಕೆ ಬೇಕಾದ ಪಠ್ಯಕ್ರಮ ತಯಾರಿಸಿ ಕಲಿಸಿದವರೂ ಇವರೇ. ಘಟಕದೊಳಗೆ ಬಂದೂಕು ತಯಾರಿಸುವ, ತಿದ್ದುವ ಕಾರ್ಯಾಗಾರವಿದೆ. ಅಲ್ಲಿ ಸ್ಪರ್ಧೆಗೆಂದು ತಿದ್ದಿದ್ದು ಮುಂದೆ ರಣರಂಗದ ರೈಫಲ್ಲಿಗೂ ಬರುತ್ತದೆ. ವಿಯೆಟ್ನಾಂ ಕಾಲದ ಎಕ್ಸ್‌ಎಂ-21 ಎನ್ನುವ ಸ್ನೈಪರ್ ರೈಫಲ್ ರೂಪುಗೊಳ್ಳುವುದರಲ್ಲಿ ಈ ಕಾರ್ಯಾಗಾರದವರ ಕೈ ಇತ್ತು. ಘಟಕದ ತರಬೇತುದಾರರು ವಿಯೆಟ್ನಾಂಗೇ ಹೋಗಿ ಸ್ನೈಪರ್‌ಗಳನ್ನು ತಯಾರು ಮಾಡಿದರು.

ಈ ಕೊನೆಯ ಮಾತನ್ನು ನಾನು ಬೇಕೆಂದೇ ಹೇಳಿದೆ. ಹತ್ತು ಮೀಟರ್ ದೂರದ ಕಾಗದದ ಮೇಲೆ ಅರ್ಧ ಮಿಲಿಮೀಟರ್ ಚುಕ್ಕಿಗೆ ನೀನು ಏರ್ ರೈಫಲ್ ಗುರಿಯಿಡುವಾಗ ಯಾರಿಗೂ ನೋವಾಗುವುದಿಲ್ಲ. ಸೇನೆ ಅದೇ ಕೌಶಲವನ್ನು ಸಂಬಳ ಕೊಟ್ಟು ಬೆಳೆಸುವುದು ಮನುಷ್ಯನ ಮೇಲೆ ಗುರಿಯಿಡಬೇಕಾದ ದಿನಕ್ಕಾಗಿ. ನೀನು ಸ್ವತಃ ಆ ಬಂದೂಕಿನ ಕುದುರೆಯನ್ನು ಎಳೆಯದೇ ಇರಬಹುದು. ನೀನು ಕಲಿಸಿದವರು ಎಳೆಯುತ್ತಾರೆ. ಇದನ್ನು ನಾನು ಸಂಕಟದಿಂದ ಹೇಳುತ್ತಿಲ್ಲ. ದೇಶಕ್ಕೆ ಸೈನ್ಯ ಬೇಕು. ಕೆಟ್ಟದಾಗಿ ಗುಂಡು ಹೊಡೆಯುವ ಸೈನ್ಯ ತನಗೂ ಅಪಾಯ, ನಡುವೆ ಸಿಕ್ಕಿಬಿದ್ದ ಬಡಪಾಯಿಗಳಿಗೂ ಅಪಾಯ. ಆದರೆ ಹದಿನೇಳರ ಹುಡುಗಿ ಇದನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳಿಕೊಂಡು, ಒಪ್ಪಿಗೆಯಾದರೆ ಮಾತ್ರ ಮುಂದಿನ ಹೆಜ್ಜೆ ಇಡಬೇಕು.

ಕಲಿಸುವುದು ಅಂದರೆ ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ. ಹೊಸ ಹುಡುಗನಿಗೆ ಮೊದಲ ದಿನವೇ ಯಾರೂ ಗುಂಡು ಕೊಡುವುದಿಲ್ಲ. ಖಾಲಿ ರೈಫಲ್, ಬೋರಲು ಮಲಗಿದ ಭಂಗಿ. ಉಸ್ತಾದ್ ಬಂದು ನಳಿಗೆಯ ತುದಿಯಲ್ಲಿ, ಮುಂದಿನ ಸೈಟಿನ ಹಿಂದೆ, ಒಂದು ನಾಣ್ಯ ಇಡುತ್ತಾನೆ. 'ಈಗ ಕುದುರೆ ಒತ್ತು, ನಾಣ್ಯ ಬೀಳಬಾರದು.' ಬೀಳುತ್ತದೆ. ಮತ್ತೆ ಇಡುತ್ತಾನೆ. ಮತ್ತೆ ಬೀಳುತ್ತದೆ. ಹುಡುಗ ಬೆರಳಿನಿಂದ ಎಳೆಯುವ ಬದಲು ಇಡೀ ಕೈಯಿಂದ ಹಿಂಡುತ್ತಿರುತ್ತಾನೆ, ಇಲ್ಲವೇ ಸದ್ದು ಬರುವ ಮೊದಲೇ ಕಣ್ಣು ಮುಚ್ಚುತ್ತಿರುತ್ತಾನೆ. ಬಾಗಿ ನೋಡಿದರೆ ಹೆಬ್ಬೆರಳಿನ ಉಗುರು ಬೆಳ್ಳಗಾಗಿರುವುದು ಕಾಣುತ್ತದೆ, ಅಷ್ಟು ಬಿಗಿ ಹಿಡಿತ. ಆ ಉಗುರಿಗೆ ರಕ್ತ ಮರಳಿ ಬರುವವರೆಗೆ ಅವನ ಹತ್ತಿರ ಕೂತುಕೊಳ್ಳುವುದೇ ಉಸ್ತಾದನ ಕೆಲಸ. ಆಮೇಲೆ ನಿಜವಾದ ಗುಂಡು ಹಾರಿಸಿದ ಮೇಲೆ ಗುರಿಹಲಗೆಯ ತೂತುಗಳನ್ನು ಓದಬೇಕು. ಮೇಲಿಂದ ಕೆಳಗೆ ಸಾಲಾಗಿ ಬಿದ್ದಿದ್ದರೆ ಉಸಿರು ಹಿಡಿದಿಲ್ಲ. ಎಲ್ಲ ಒಂದೇ ಕಡೆ ಒತ್ತಾಗಿ, ಆದರೆ ನಡುವಿನಿಂದ ದೂರ ಬಿದ್ದಿದ್ದರೆ ಹುಡುಗ ಸರಿ ಇದ್ದಾನೆ, ಸೈಟ್ ತಿದ್ದಬೇಕು. ಚೆಲ್ಲಾಪಿಲ್ಲಿಯಾಗಿದ್ದರೆ ಅವನ ಮನಸ್ಸು ಅಲ್ಲಿಲ್ಲ, ಊರಿನಿಂದ ಏನಾದರೂ ಸುದ್ದಿ ಬಂದಿದೆಯೇ ಎಂದು ಕೇಳಬೇಕು.

ನಿನಗೆ ಇಂಥ ಕೆಲಸದಲ್ಲಿ ಸಂತೋಷ ಸಿಗುತ್ತದೆಯೇ? ನಾನು ನಿನ್ನನ್ನು ಕೇಳುವ ಮುಖ್ಯ ಪ್ರಶ್ನೆ ಇದು. ಅಮೆರಿಕದ ಸೇನೆಯಲ್ಲಿ ಪ್ರತಿಯೊಬ್ಬ ಸೈನಿಕನೂ ರೈಫಲ್ ಪರೀಕ್ಷೆಯಲ್ಲಿ 40 ಗುರಿಗಳಲ್ಲಿ ಕನಿಷ್ಠ 23ನ್ನು ಬೀಳಿಸಬೇಕು. 36 ಅಥವಾ ಅದಕ್ಕಿಂತ ಹೆಚ್ಚು ಬೀಳಿಸಿದರೆ 'ಎಕ್ಸ್‌ಪರ್ಟ್' ಬ್ಯಾಡ್ಜ್. ನೀನು 40ಕ್ಕೆ 40 ಹೊಡೆಯುತ್ತೀಯ ಎನ್ನುವುದು ಸೇನೆಗೆ ಸಣ್ಣ ವಿಷಯ. 22ರಲ್ಲಿ ಸಿಕ್ಕಿಕೊಂಡು ಅಳುತ್ತಿರುವ ಹುಡುಗನನ್ನು 30ಕ್ಕೆ ತರಬಲ್ಲೆಯಾ ಎನ್ನುವುದು ದೊಡ್ಡ ವಿಷಯ. ತಂಗಿಗೆ ಗಣಿತ ಹೇಳಿಕೊಡುವಾಗ ಐದು ನಿಮಿಷಕ್ಕೇ ನಿನ್ನ ದನಿ ಏರುವುದನ್ನು ಈ ಮನೆಯಲ್ಲಿ ನಾನು ಕೇಳಿದ್ದೇನೆ. ಅದನ್ನು ಈಗಿನಿಂದಲೇ ತಿದ್ದಿಕೊ.

ಸ್ಯಾನ್ ಡಿಯಾಗೋಗೆ ನಾವು ಹೋಗುವಾಗ ಐ-5 ಹೆದ್ದಾರಿಯ ಪಕ್ಕದಲ್ಲಿ ಮೈಲುಗಟ್ಟಲೆ ಕಾಣುವ ಕ್ಯಾಂಪ್ ಪೆಂಡಲ್ಟನ್ ನೆನಪಿದೆಯಲ್ಲ? ಸ್ಯಾನ್ ಡಿಯಾಗೋದ ತರಬೇತಿ ಕೇಂದ್ರಕ್ಕೆ ಸೇರಿದ ಮರೀನ್ ಹುಡುಗ ಹುಡುಗಿಯರನ್ನು ರೈಫಲ್ ಕಲಿಯಲು ಕರೆತರುವುದು ಅಲ್ಲಿನ ಎಡ್ಸನ್ ರೇಂಜ್‌ಗೆ. ಗುಂಡು ಹಾರಿಸುವ ಮೊದಲು ಅವರು ಒಂದು ವಾರ ಹುಲ್ಲಿನ ಮೇಲೆ ಕೂತು, ಮಲಗಿ, ಮಂಡಿಯೂರಿ, ಬಣ್ಣ ಬಳಿದ ಡ್ರಮ್ಮಿನ ಕಡೆಗೆ ಖಾಲಿ ರೈಫಲ್ ಹಿಡಿದು ಅಭ್ಯಾಸ ಮಾಡುತ್ತಾರೆ. ಆಮೇಲೆ 200, 300, 500 ಗಜ. ಅಡುಗೆಯವನಾಗಲಿ ಗುಮಾಸ್ತನಾಗಲಿ, ಮರೀನ್ ಆದವನು ಮೊದಲು ರೈಫಲ್ ಹಿಡಿಯುವವನು ಎನ್ನುವುದು ಅವರ ಪದ್ಧತಿ. ನನಗೆ ಅದು ತುಂಬ ಹಿಡಿಸಿದ ಮಾತು. ನೀನು ಕೇಳುತ್ತಿರುವ ಘಟಕ ಭೂಸೇನೆಯದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ತಿಳಿದಿರಲಿ, ನಿನ್ನ ಮನೆಯಿಂದ ಎರಡೂವರೆ ಗಂಟೆ ದಾರಿಯಲ್ಲಿ ಸಾವಿರಾರು ಮಕ್ಕಳಿಗೆ ಗುರಿ ಕಲಿಸುವ ಕೆಲಸ ಯಾವ ಪದಕವೂ ಇಲ್ಲದೆ ದಿನವೂ ನಡೆಯುತ್ತಿದೆ.

ಇನ್ನು ಸೇನೆಗೆ ಜನರನ್ನು ಸೆಳೆಯುವ ವಿಷಯ. ಇದರಲ್ಲಿ ನೀನು ಸ್ವಲ್ಪ ಎಚ್ಚರವಾಗಿರಬೇಕು. ಅಮೆರಿಕದಲ್ಲಿ ಕಡ್ಡಾಯ ಸೈನಿಕ ಭರ್ತಿ 1973ರಲ್ಲಿ ನಿಂತುಹೋಯಿತು. ಅಂದಿನಿಂದ ಪ್ರತಿಯೊಬ್ಬ ಸೈನಿಕನನ್ನೂ ಮನವೊಲಿಸಿಯೇ ಕರೆತರಬೇಕು. 2022ರಲ್ಲಿ ಭೂಸೇನೆಗೆ 60 ಸಾವಿರ ಜನ ಬೇಕಿತ್ತು, ಸಿಕ್ಕಿದ್ದು ಸುಮಾರು 45 ಸಾವಿರ. ಆಮೇಲೆ ಪರಿಸ್ಥಿತಿ ಸುಧಾರಿಸಿತು, 2024ರ ಗುರಿ ತಲುಪಿದರು. ಆದರೆ ಆ ಬರಗಾಲದ ನೆನಪು ಅವರಿಗಿದೆ. ನೀನು ಮೆಚ್ಚಿಕೊಂಡಿರುವ ಗುರಿಗಾರರ ಘಟಕ ಸೇನೆಯ ಪಟ್ಟಿಯಲ್ಲಿ ಭರ್ತಿ ವಿಭಾಗದ ಕೆಳಗೆ ಬರುತ್ತದೆ. ವಿಮಾನದಿಂದ ಜಿಗಿದು ಬಣ್ಣದ ಪ್ಯಾರಾಚೂಟ್ ಬಿಚ್ಚುವ 'ಗೋಲ್ಡನ್ ನೈಟ್ಸ್' ತಂಡವೂ ಅದೇ ಮನೆಯ ಮಗು. ಪಂದ್ಯಕ್ಕೆ ಹೋಗುವುದು, ಪ್ರದರ್ಶನ ಕೊಡುವುದು, ಮಕ್ಕಳ ಕೈಗೆ ರೈಫಲ್ ಕೊಟ್ಟು ಹೇಳಿಕೊಡುವುದು, ಇವೆಲ್ಲ ನಿಜವಾದ ಪಾಠವೂ ಹೌದು, ನಿನ್ನಂಥವಳಿಗೆ ಬೀಸಿದ ಕರೆಯೂ ಹೌದು. ಅದರಲ್ಲಿ ಮೋಸವೇನೂ ಇಲ್ಲ. ತಮ್ಮಲ್ಲಿ ಇರುವ ಅತ್ಯುತ್ತಮರನ್ನೇ ಮುಂದೆ ನಿಲ್ಲಿಸಿ ಬನ್ನಿ ಎನ್ನುವುದು ಗೌರವದ ರೀತಿಯೇ. ಆದರೆ ಆ ಕರೆ ಕೇಳಿ ಸೇನೆಗೆ ಬಂದವರಲ್ಲಿ ಹೆಚ್ಚಿನವರು ಹೋಗುವುದು ಆ ಘಟಕಕ್ಕಲ್ಲ. ಅವರು ಲಾರಿ ಓಡಿಸಲು, ರೇಡಿಯೊ ರಿಪೇರಿ ಮಾಡಲು, ಕಾಲಾಳು ಪಡೆಯಲ್ಲಿ ನಡೆಯಲು ಹೋಗುತ್ತಾರೆ.

ನಮ್ಮ ಭಾರತದಲ್ಲಿ ಇದು ಇನ್ನೊಂದು ದಿಕ್ಕಿನಿಂದ ನಡೆಯುತ್ತದೆ. ಮಧ್ಯಪ್ರದೇಶದ ಮ್ಹೌನಲ್ಲಿ ಇನ್‌ಫೆಂಟ್ರಿ ಸ್ಕೂಲ್ ಇದೆ, ಅಲ್ಲೇ ಭಾರತೀಯ ಸೇನೆಯ ಗುರಿಗಾರರ ಘಟಕ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಡೋಗ್ರಾ ರೆಜಿಮೆಂಟಿನ ವಿಜಯ್ ಕುಮಾರ್ ಅಲ್ಲಿ ತಯಾರಾದವರು. ಗೂರ್ಖಾ ರೈಫಲ್ಸ್‌ನ ಜಿತು ರಾಯ್ ಕೂಡ. ಭಾರತದಲ್ಲಿ ಸೈನ್ಯಕ್ಕೆ ಜನರ ಬರವಿಲ್ಲ, ಭರ್ತಿ ರ್‍ಯಾಲಿ ಅಂದರೆ ಊರಿಗೆ ಊರೇ ಓಡುತ್ತದೆ. ಹಾಗಾಗಿ ಅಲ್ಲಿ ಘಟಕ ಜನರನ್ನು ಸೇನೆಗೆ ಎಳೆಯಬೇಕಾಗಿಲ್ಲ. ಸೇನೆಯೇ ಒಳ್ಳೆಯ ಶೂಟರನ್ನು ಹುಡುಕಿ, ನೌಕರಿ ಕೊಟ್ಟು, ಘಟಕಕ್ಕೆ ತರುತ್ತದೆ. ಪ್ರೀತಿ ರಜಕ್ ಎಂಬ ಹುಡುಗಿ ಕ್ರೀಡಾ ಅರ್ಹತೆಯ ಮೇಲೆ 2022ರ ಡಿಸೆಂಬರಿನಲ್ಲಿ ನೇರ ಹವಾಲ್ದಾರ್ ಆಗಿ ಸೇರಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಟ್ರ್ಯಾಪ್ ತಂಡದಲ್ಲಿ ಬೆಳ್ಳಿ ಗೆದ್ದು, 2024ರ ಜನವರಿಯಲ್ಲಿ ಸೇನೆಯ ಮೊದಲ ಮಹಿಳಾ ಸುಬೇದಾರ್ ಆದಳು. ಆ ಸುದ್ದಿ ಓದಿದ ದಿನ ನನಗೆ ಎಷ್ಟು ಹೆಮ್ಮೆಯಾಯಿತು ಎಂದು ನಿನಗೆ ಹೇಳಿದ್ದೆ. ನಮ್ಮ ಕಾಲದಲ್ಲಿ ಉಸ್ತಾದರ ಕೋಣೆಯಲ್ಲಿ ಹೆಣ್ಣುಮಗಳೊಬ್ಬಳು ಕೂರುವುದನ್ನು ಯಾರೂ ಊಹಿಸಿರಲಿಲ್ಲ.

ಹಾಗಾದರೆ ಭರ್ತಿ ಅಧಿಕಾರಿಯ ಹತ್ತಿರ ಏನು ಕೇಳಬೇಕು? ನಿನ್ನ ಶಾಲೆಯಿಂದ ಅವರಿಗೆ ನಿನ್ನ ಹೆಸರು, ಫೋನ್ ನಂಬರು ಸಿಕ್ಕಿದ್ದು ಕಾನೂನಿನ ಪ್ರಕಾರವೇ. ಫೆಡರಲ್ ಹಣ ಪಡೆಯುವ ಹೈಸ್ಕೂಲುಗಳು ಅದನ್ನು ಕೊಡಬೇಕು, ಬೇಡವೆಂದು ತಂದೆತಾಯಿ ಬರೆದುಕೊಟ್ಟರೆ ಮಾತ್ರ ಕೊಡುವುದಿಲ್ಲ. ಆದ್ದರಿಂದ 'ನನ್ನನ್ನೇ ಹುಡುಕಿಕೊಂಡು ಬಂದರು' ಎಂದು ಹಿಗ್ಗಬೇಡ. ಅವರೊಂದಿಗೆ ಮರ್ಯಾದೆಯಿಂದ ಮಾತಾಡು. ಅವರೂ ಸೈನಿಕರು, ಅವರಿಗೂ ತಿಂಗಳಿಗಿಷ್ಟು ಎಂದು ಲೆಕ್ಕ ಇರುತ್ತದೆ. ಆದರೆ ಬಾಯಿಮಾತನ್ನು ನಂಬಿ ಎದ್ದು ಬರಬೇಡ. ಗುರಿಗಾರರ ಘಟಕಕ್ಕೆ ಕಳಿಸುತ್ತೇವೆ ಎನ್ನುವುದು ಕರಾರಿನ ಕಾಗದದಲ್ಲಿ ಇದೆಯೋ ಇಲ್ಲವೋ ನೋಡು. ಕಾಗದದಲ್ಲಿ ಇಲ್ಲದ್ದು ಇಲ್ಲವೆಂದೇ ಲೆಕ್ಕ. ಮೊದಲ ಬಾರಿ ಸಹಿ ಹಾಕಿದವರ ಮೇಲೆ ಒಟ್ಟು ಎಂಟು ವರ್ಷದ ಬಾಧ್ಯತೆ ಬೀಳುತ್ತದೆ, ಅದರಲ್ಲಿ ಕೆಲವು ವರ್ಷ ಪೂರ್ತಿ ಸೇವೆ, ಉಳಿದದ್ದು ಮೀಸಲು ಪಡೆಯಲ್ಲಿ. ಹದಿನೇಳಕ್ಕೆ ಸೇರಬೇಕಾದರೆ ನಿಮ್ಮಪ್ಪ ಅಮ್ಮನ ಸಹಿ ಬೇಕು, ಹದಿನೆಂಟಕ್ಕೆ ನಿನ್ನ ಸಹಿಯೇ ಸಾಕು. ಒಲಿಂಪಿಕ್ಸ್ ಆಡಿದವಳೇ ಆಗಲಿ, ಮೊದಲು ಎಲ್ಲರಂತೆ ಮೂಲ ತರಬೇತಿ ಮುಗಿಸಬೇಕು. ಬೆಳಗಿನ ಓಟ, ಕೆಸರು, ಬೈಗುಳ, ಬೆನ್ನ ಮೇಲಿನ ಹೊರೆ, ಯಾವುದೂ ತಪ್ಪುವುದಿಲ್ಲ.

ಶೂಟಿಂಗ್ ಒಂದೇ ಬೇಕು ಅನ್ನುವುದಾದರೆ, ಮಗಳೇ, ಅದಕ್ಕೆ ಸೇನೆಯ ಬಾಗಿಲೇ ಬೇಕಿಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಯಾವ ರೆಜಿಮೆಂಟಿನವರೂ ಅಲ್ಲ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದವರು, ನಿಮ್ಮಪ್ಪನ ಹಾಗೆ. ಅವರ ತಂದೆ ಪಾಪಣ್ಣನವರೂ ಶೂಟರ್. ಊರಿಗೆ ಮರಳಿ ಪಿಸ್ತೂಲು ಹಿಡಿದರು. 2013ರಲ್ಲಿ ಸ್ಪೇನಿನಲ್ಲಿ ಪಂದ್ಯಕ್ಕೆ ಹೋಗಿದ್ದಾಗ ಮುಖದ ಒಂದು ಬದಿಗೆ ಲಕ್ವ ಹೊಡೆಯಿತು, ಕಣ್ಣು ಮಿಟುಕಿಸುವುದೇ ಕಷ್ಟವಾಯಿತು. ಗುರಿಯಿಡುವವನಿಗೆ ಕಣ್ಣೇ ಕೈಕೊಟ್ಟರೆ ಹೇಗಾಗಬೇಡ! ಆದರೂ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ನಮ್ಮ ಸೀಮೆಯ ಪಕ್ಕದ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಮನೆಯಲ್ಲಿ ಕೋವಿಗೆ ಪೂಜೆ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು. ಹೆಂಗಸರೂ ಹೊಡೆಯುತ್ತಾರೆ. ಅವರೆಲ್ಲ ಸೈನಿಕರೇನಲ್ಲ.

ಇಲ್ಲಿ ನಿನಗೆ ಇರುವ ಒಳ್ಳೆಯ ದಾರಿ ಕಾಲೇಜಿನದು. ಅಮೆರಿಕದ ಕಾಲೇಜು ರೈಫಲ್ ಪಂದ್ಯಗಳಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೇ ಸ್ಪರ್ಧಿಸುತ್ತಾರೆ. 2010ರಲ್ಲಿ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ತಂಡ, ಬರೀ ಹುಡುಗಿಯರದು, ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ನೀನು ಗೋಡೆಗೆ ಅಂಟಿಸಿಕೊಂಡಿರುವ ಚಿತ್ರದ ಸೇಗನ್ ಮದಲೀನಾ ಕೂಡ ಹೀಗೇ ಬಂದವಳು. ನಮ್ಮ ಕ್ಯಾಲಿಫೋರ್ನಿಯಾದ ಗ್ರೋವ್‌ಲ್ಯಾಂಡ್ ಎನ್ನುವ ಬೆಟ್ಟದೂರಿನ ಹುಡುಗಿ, ಯೊಸೆಮಿಟಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಮೊದಲು ಅಲಾಸ್ಕಾ ಫೇರ್‌ಬ್ಯಾಂಕ್ಸ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿನ ತಂಡದಲ್ಲಿ ಪಳಗಿ, ಆಮೇಲೆ ಸೇನೆ ಸೇರಿದಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಮೂರು ಭಂಗಿಯ ಬೆಳ್ಳಿ ಅವಳ ಕೊರಳಿಗೆ ಬಿದ್ದಾಗ ಅವಳು ಸೇನೆಯಲ್ಲಿದ್ದಳು. ನೀನು ಬೆಳ್ಳಿಯನ್ನು ಮಾತ್ರ ನೋಡಿದೆ, ನಾನು ಆ ಕ್ರಮವನ್ನು ನೋಡುತ್ತೇನೆ. ಓದು ಮುಗಿಯಿತು, ಕೈ ಪಳಗಿತು, ಸೇನೆ ಆಮೇಲೆ ಬಂತು. ನಿಮ್ಮಪ್ಪ ಹೇಳುತ್ತಿರುವುದೂ ಅದನ್ನೇ. ಅವರು ಹೇಳುವ ರೀತಿ ನಿನಗೆ ಹಿಡಿಸುತ್ತಿಲ್ಲ, ಅಷ್ಟೇ.

ಅಮೆರಿಕದ ಗುರಿಗಾರರ ಘಟಕದಲ್ಲೇ ಪಳಗಿದ ಇಬ್ಬರ ಕತೆ ಒಂದಿದೆ, ಮಾರ್ಗರೆಟ್ ಮರ್ಡಾಕ್ ಮತ್ತು ಲ್ಯಾನಿ ಬಾಷಂ ಅವರದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್. ಗಂಡಸರು ಹೆಂಗಸರು ಒಟ್ಟಿಗೇ ಸ್ಪರ್ಧಿಸುತ್ತಿದ್ದ ಕಾಲ. ಇಬ್ಬರದೂ ಒಂದೇ ಅಂಕ, 1162. ನಿಯಮದ ಪ್ರಕಾರ ಕೊನೆಯ ಸುತ್ತಿನ ಅಂಕ ನೋಡಿ ಬಾಷಂಗೆ ಚಿನ್ನ, ಮರ್ಡಾಕ್‌ಗೆ ಬೆಳ್ಳಿ ಕೊಟ್ಟರು. ಒಲಿಂಪಿಕ್ ಶೂಟಿಂಗ್‌ನಲ್ಲಿ ಹೆಣ್ಣೊಬ್ಬಳು ಗೆದ್ದ ಮೊದಲ ಪದಕ ಅದು. ರಾಷ್ಟ್ರಗೀತೆ ಶುರುವಾದಾಗ ಬಾಷಂ ಕೈಚಾಚಿ ಅವರನ್ನು ಮೇಲಿನ ಮೆಟ್ಟಿಲಿಗೆ ಎಳೆದುಕೊಂಡರು. ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತರು. ಒಂದು ಘಟಕ ಗುಂಡು ಹೊಡೆಯುವುದರ ಜೊತೆಗೆ ಇನ್ನೇನು ಕಲಿಸಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಕೈಯನ್ನು ತೋರಿಸುತ್ತೇನೆ.

ಈಗ ಮಾಡಬೇಕಾದ್ದು. 2028ಕ್ಕೆ ಒಲಿಂಪಿಕ್ಸ್ ನಮ್ಮ ಲಾಸ್ ಏಂಜಲೀಸ್‌ಗೇ ಬರುತ್ತದೆ. ಹಿಂದೆ 1984ರಲ್ಲಿ ಇಲ್ಲಿಗೆ ಬಂದಿದ್ದಾಗ ಶೂಟಿಂಗ್ ನಡೆದದ್ದು ಚೀನೊ ಊರಿನ ಪ್ರಾಡೊದಲ್ಲಿ. ಚೀನಾದ ಶು ಹೈಫೆಂಗ್ ತಮ್ಮ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಗೆದ್ದದ್ದು ಅಲ್ಲಿ, ಪಿಸ್ತೂಲಿನಲ್ಲಿ. ಈ ಸಲ ಟಿಕೆಟ್ಟಿನ ದುಡ್ಡು ನನ್ನದು, ಶೂಟಿಂಗ್ ಹೋಗಿ ನೋಡೋಣ. ಸ್ಪರ್ಧಿಗಳನ್ನಷ್ಟೇ ನೋಡಬೇಡ, ಅವರ ಬೆನ್ನ ಹಿಂದೆ ಕೂತ ಕೋಚ್‌ಗಳನ್ನು ನೋಡು.

ಅಲ್ಲಿಯವರೆಗೆ ಏರ್ ರೈಫಲ್ ಬಿಡಬೇಡ. ಒಂದು ಪಂದ್ಯ ಅಂದರೆ 60 ಗುಂಡು, ಒಂದೂಕಾಲು ಗಂಟೆ. ಅಷ್ಟು ಹೊತ್ತು ಅಲುಗದೆ ನಿಲ್ಲಲು ಬೆನ್ನಿಗೂ ಹೊಟ್ಟೆಗೂ ಬಲ ಬೇಕು. ನೀನು ರಾತ್ರಿ ಫೋನ್ ಹಿಡಿದು ಎರಡು ಗಂಟೆಗೆ ಮಲಗಿದರೆ ಆ ಬಲ ಬರುವುದಿಲ್ಲ. ಪ್ರತಿ ಅಭ್ಯಾಸದ ಮೇಲೂ ನೋಟ್‌ಬುಕ್ಕಿನಲ್ಲಿ ಬರೆದಿಡು, ಅಂಕವನ್ನಲ್ಲ, ಯಾವ ಗುಂಡು ಯಾಕೆ ತಪ್ಪಿತು ಎನ್ನುವುದನ್ನು. ಟುಹುಂಗ ಕಣಿವೆಯ ರೇಂಜಿಗೆ ಹೋಗಿ .22 ಹೊಡೆಯುವ ದಿನ ಬಂದಾಗ ಗಾಳಿ ನಿನ್ನ ದೊಡ್ಡ ಗುರುವಾಗುತ್ತದೆ. ಈಗಲೇ ಅಭ್ಯಾಸ ಮಾಡು. ಸ್ಟೋನಿ ಪಾಯಿಂಟ್ ಬಂಡೆಗಳ ಕಡೆ ನಡೆಯಲು ಹೋದಾಗ ಒಣಹುಲ್ಲು ಯಾವ ಕಡೆ, ಎಷ್ಟು ಬಾಗುತ್ತದೆ ಎಂದು ನೋಡಿ ವೇಗ ಊಹಿಸು, ಆಮೇಲೆ ಫೋನಿನಲ್ಲಿ ಸರಿನೋಡು. ಸಾಂಟಾ ಆನಾ ಗಾಳಿ ಬೀಸುವ ಅಕ್ಟೋಬರಿನಲ್ಲಿ ಸಾಂಟಾ ಸುಸಾನಾ ಬೆಟ್ಟದ ಕಡೆಯಿಂದ ಅದು ಹೇಗೆ ತಡೆದು ತಡೆದು ನುಗ್ಗುತ್ತದೆ ಎನ್ನುವುದನ್ನು ತಿಳಿದವಳಿಗೆ ಯಾವ ರೇಂಜಿನ ಬಾವುಟವೂ ಓದಲು ಕಷ್ಟವಾಗುವುದಿಲ್ಲ. ರೈಫಲ್ ಬೀಗದ ಪೆಟ್ಟಿಗೆಯಲ್ಲೇ ಇರಬೇಕು, ಬೀಗದ ಕೈ ನಿಮ್ಮಪ್ಪನ ಹತ್ತಿರ. ಮನೆಯಲ್ಲಿ ಸಣ್ಣ ಮಗು ಇದೆ. ಈ ವಿಷಯದಲ್ಲಿ ನಾನು ಯಾವ ಮಾತನ್ನೂ ಕೇಳುವುದಿಲ್ಲ.

ಇನ್ನೊಂದು. ನಿನ್ನ ಕ್ಲಬ್ಬಿನಲ್ಲಿ ಈ ಬೇಸಿಗೆ ಹೊಸದಾಗಿ ಸೇರುವ ಚಿಕ್ಕ ಮಕ್ಕಳಿಗೆ ಭಂಗಿ ಹೇಳಿಕೊಡಲು ಸಹಾಯಕರು ಬೇಕಂತೆ. ಹೆಸರು ಕೊಡು. ನಾಣ್ಯ ನಾನು ಕೊಡುತ್ತೇನೆ.

ನಿನ್ನ ತಾತ